ಪಂಜರದ ಕೋಳಿ ಹಿತ್ತಲಿಗೆ ಬಂದಾಗ

ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಹುಮನಾಬಾದನ್ನು ಹಾದು ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಈ ರಸ್ತೆಯಲ್ಲಿ ಕೋಳಿ ಹೇರಿಕೊಂಡ ಗಾಡಿಗಳು ಓಡಾಡುತ್ತವೆ. ಹಗಲಿನ ಬಿಸಿಲಿಗೆ ಕೋಳಿ ಸಾಯುತ್ತವೆ, ಅದಕ್ಕೇ ರಾತ್ರಿ ಪಯಣ. ಹೆಚ್ಚಿನವು ಬ್ರಾಯ್ಲರ್. ಆದರೆ ಕೆಲವು ಗಾಡಿಗಳಲ್ಲಿ ಬೇರೆಯೇ ಕೋಳಿ ಇರುತ್ತದೆ: ಬಿಳಿ ಮೈ, ಗರಿ ಉದುರಿ ಬೋಳಾದ ಕುತ್ತಿಗೆ, ಒಂದು ಪಕ್ಕಕ್ಕೆ ಜೋತುಬಿದ್ದ ಬಿಳಿಚಿದ ಜುಟ್ಟು, ತುದಿ ಕತ್ತರಿಸಿದ ಕೊಕ್ಕು. ಮೊಟ್ಟೆ ಫಾರಂನಿಂದ ಹೊರಬಿದ್ದ ಲೇಯರ್ ಕೋಳಿ ಅದು.

ಸುಮಾರು ಹದಿನಾರು ವಾರಕ್ಕೆ ಪಂಜರ ಸೇರಿದ ಈ ಹೇಂಟೆ 72ರಿಂದ 80 ವಾರದವರೆಗೆ ಅಲ್ಲೇ ಮೊಟ್ಟೆ ಇಡುತ್ತದೆ. ಇಳುವರಿ ಇಳಿದಾಗ ಇಡೀ ಶೆಡ್ಡನ್ನು ಖಾಲಿ ಮಾಡಿ ಮಾಂಸಕ್ಕೆ ಮಾರುತ್ತಾರೆ. ಅಷ್ಟು ದಿನ ಅದಕ್ಕೆ ಸಿಕ್ಕ ಜಾಗ ಸುಮಾರು 450 ಚದರ ಸೆಂಟಿಮೀಟರ್. ಕಚೇರಿಯಲ್ಲಿ ಬಳಸುವ ಎ4 ಹಾಳೆ 620 ಚದರ ಸೆಂಟಿಮೀಟರಿಗಿಂತ ದೊಡ್ಡದು. ಮಾರುವ ಹೊತ್ತಿಗೆ ಕೋಳಿಯ ಆಯುಷ್ಯ ಮುಗಿದಿರುವುದಿಲ್ಲ, ಫಾರಂನ ಲೆಕ್ಕ ಮಾತ್ರ ಮುಗಿದಿರುತ್ತದೆ. ಮಕ್ಕಳು ಹಟ ಹಿಡಿದೋ, ತಮಗೇ ಕರುಳು ಚುರುಕ್ ಎಂದೋ, ಇಂಥ ಎರಡು ಮೂರು ಕೋಳಿಯನ್ನು ಕತ್ತಿಯ ಬಾಯಿಂದ ಬಿಡಿಸಿ ಮನೆಗೆ ತರುವವರಿದ್ದಾರೆ. ಹಿತ್ತಲಲ್ಲಿ ಆಗಲೇ ಏಳೆಂಟು ಜವಾರಿ ಕೋಳಿ ಇರುತ್ತವೆ. ಅವುಗಳ ಜೊತೆ ಇವೂ ಮೇಯಲಿ ಎಂದು ಅಂಗಳಕ್ಕೆ ಬಿಟ್ಟುಬಿಡುತ್ತಾರೆ.

ಆಮೇಲೆ ಆಗುವುದನ್ನು ಕೋಳಿ ಸಾಕಿದ ಎಲ್ಲರೂ ಕಂಡಿದ್ದಾರೆ. ಜವಾರಿ ಹೇಂಟೆಗಳು ಕತ್ತು ನಿಗುರಿಸಿ ಸುತ್ತುಗಟ್ಟುತ್ತವೆ. ಒಂದು ಮುಂದೆ ಬಂದು ನೆತ್ತಿಗೆ ಕುಕ್ಕುತ್ತದೆ. ಮತ್ತೊಂದು ಜುಟ್ಟು ಹಿಡಿದು ಜಗ್ಗುತ್ತದೆ. ಓಡಲು ಗೊತ್ತಿಲ್ಲದ ಪಂಜರದ ಕೋಳಿ ಗೋಡೆಯ ಮೂಲೆಗೆ ಮುಖ ತೂರಿಸಿ ನಿಂತುಬಿಡುತ್ತದೆ. “ಹೊಸ ಕೋಳಿಗಿ ಎಲ್ಲಾವೂ ಕೂಡಿ ಕುಕ್ಲತ್ತಾವ ನೋಡ್ರಿ” ಎಂದು ಮನೆಯವರು ಕೂಗುವಷ್ಟರಲ್ಲಿ ರಕ್ತ ಚಿಮ್ಮಿರುತ್ತದೆ. ಕೋಳಿಗಳು ಕ್ರೂರಿಗಳು, ಅವಕ್ಕೆ ಕರುಣೆಯಿಲ್ಲ ಎಂದು ನಾವು ತೀರ್ಪು ಕೊಡುತ್ತೇವೆ. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಅಲ್ಲಿ ಇಲ್ಲದಿರುವುದು ಪರಿಚಯ. ಕೋಳಿಯ ಹಿಂಡು ನಿಂತಿರುವುದೇ ಒಂದನ್ನೊಂದು ಗುರುತು ಹಿಡಿಯುವುದರ ಮೇಲೆ. ಗುರುತಿಗೆ ಸಮಯ ಬೇಕು, ಆ ಸಮಯವನ್ನು ನಾವು ಕೊಟ್ಟಿರುವುದಿಲ್ಲ.

ಇದನ್ನು ಮೊದಲು ಬರೆದಿಟ್ಟವನು ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ. ಚಿಕ್ಕ ಹುಡುಗನಿದ್ದಾಗಲೇ ಅವನಿಗೆ ಕೋಳಿಗಳ ಹುಚ್ಚು. ಯಾವ ಕೋಳಿ ಯಾವುದನ್ನು ಕುಕ್ಕಿತು, ಯಾವುದು ಸರಿದು ದಾರಿ ಬಿಟ್ಟಿತು ಎಂದು ಗುರುತು ಹಾಕಿಕೊಳ್ಳುತ್ತಿದ್ದ. ಮುಂದೆ ಅದನ್ನೇ ಅಧ್ಯಯನ ಮಾಡಿ 1922ರಲ್ಲಿ ಪ್ರಕಟಿಸಿದ. ಹಿಂಡಿನ ಯಾವ ಎರಡು ಕೋಳಿಯನ್ನು ತೆಗೆದುಕೊಂಡರೂ ಅವುಗಳ ನಡುವೆ ಒಂದು ತೀರ್ಮಾನ ಆಗಿರುತ್ತದೆ: ಇದು ಕುಕ್ಕಬಹುದು, ಅದು ಸರಿಯಬೇಕು. ಒಮ್ಮೆ ತೀರ್ಮಾನವಾದರೆ ಮತ್ತೆ ಮತ್ತೆ ಜಗಳವಿಲ್ಲ. ಮೇಲಿನದು ಕತ್ತು ಎತ್ತಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಹೋಗುತ್ತದೆ. ಈ ಶ್ರೇಣಿ ಯಾವಾಗಲೂ ನೆಟ್ಟಗೆ ಮೇಲಿಂದ ಕೆಳಕ್ಕೆ ಇರುವುದಿಲ್ಲ ಎಂಬುದನ್ನೂ ಅವನು ಕಂಡಿದ್ದ. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಮೊದಲನೆಯದನ್ನೇ ಕುಕ್ಕುವ ತ್ರಿಕೋನಗಳೂ ಹಿಂಡಿನಲ್ಲಿ ಇರುತ್ತವೆ.

ಈ ಲೆಕ್ಕವನ್ನು ನಮ್ಮ ಹಿತ್ತಲಿಗೆ ಹಚ್ಚಿ ನೋಡೋಣ. ಎಂಟು ಹೇಂಟೆಗಳ ಹಿಂಡಿನಲ್ಲಿ ಇಂಥ ಜೋಡಿಗಳು 28. ಅಷ್ಟೂ ತೀರ್ಮಾನವಾಗಿರುವುದರಿಂದಲೇ ಅಂಗಳ ತಣ್ಣಗಿದೆ. ಈಗ ಮೂರು ಹೊಸ ಕೋಳಿ ಬಂದವು. ಹನ್ನೊಂದು ಕೋಳಿಗೆ ಜೋಡಿಗಳು 55. ಹೊಸ ಮೂರಕ್ಕೂ ತಮ್ಮತಮ್ಮಲ್ಲಿ ಮೊದಲೇ ಪರಿಚಯವಿದ್ದರೆ ಮೂರು ಜೋಡಿ ಕಳೆಯಬಹುದು. ಆದರೂ 24 ತೀರ್ಮಾನಗಳು ಆ ಒಂದೇ ದಿನ, ಆ ಒಂದೇ ಅಂಗಳದಲ್ಲಿ ಆಗಬೇಕು. ನಮಗೆ ಕಾಣುವ ಗದ್ದಲ ಇದೇ. ಹಾಗಾದರೆ ಒಂದನ್ನೇ ತಂದರೆ ಎಂಟೇ ತೀರ್ಮಾನ, ಗದ್ದಲ ಕಡಿಮೆ ಅಲ್ಲವೇ? ಅಂಗಳದ ಗದ್ದಲ ಕಡಿಮೆ, ನಿಜ. ಆದರೆ ಎಂಟೂ ಜಗಳ ಒಂದೇ ತಲೆಯ ಮೇಲೆ ಬೀಳುತ್ತವೆ. ಮೂರಿದ್ದರೆ ಹಳೆಯ ಕೋಳಿಗಳ ಗಮನ ಹಂಚಿಹೋಗುತ್ತದೆ, ಹೊಸದಕ್ಕೆ ಒತ್ತಿಕೊಂಡು ಕೂರಲು ತನ್ನದೇ ಜೊತೆಯಿರುತ್ತದೆ. ಒಂಟಿ ಕೋಳಿಯನ್ನು ಯಾವ ಹಿಂಡಿಗೂ ಬಿಡಬಾರದು ಎಂಬುದು ಇದೇ ಕಾರಣಕ್ಕೆ.

ಪದೇ ಪದೇ ಹೊಸ ಕೋಳಿ ತಂದು ಹಾಕಿದರೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಎ. ಎಂ. ಗುಲ್ ಮತ್ತು ಡಬ್ಲ್ಯು. ಸಿ. ಆಲಿ 1944ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಹಿಂಡುಗಳನ್ನು ಹಾಗೇ ಬಿಟ್ಟರು. ಬೇರೆ ಕೆಲವದರಲ್ಲಿ ಆಗಾಗ ಒಂದು ಹಳೆಯ ಕೋಳಿ ತೆಗೆದು ಹೊಸದನ್ನು ಸೇರಿಸಿದರು. ಬದಲಾಗುತ್ತಲೇ ಇದ್ದ ಹಿಂಡಿನಲ್ಲಿ ಕುಕ್ಕಾಟ ಹೆಚ್ಚು, ತಿನ್ನುವುದು ಕಡಿಮೆ, ಮೊಟ್ಟೆಯೂ ಕಡಿಮೆ. ಕರುಣೆಯಿಂದ ಪ್ರತಿ ಸಂತೆಗೆ ಒಂದೊಂದು ಕೋಳಿ ಬಿಡಿಸಿ ತರುವವರು ಇದನ್ನು ಮನಸ್ಸಿನಲ್ಲಿಡಬೇಕು. ಹಳೆಯ ಹಿಂಡಿನ ನೆಮ್ಮದಿಯೂ ನೆಮ್ಮದಿಯೇ. ತರುವುದಾದರೆ ವರ್ಷಕ್ಕೊಮ್ಮೆ ತನ್ನಿ, ನಾಲ್ಕನ್ನು ಒಟ್ಟಿಗೇ ತನ್ನಿ.

ಕೋಳಿ ಕೋಳಿಯನ್ನು ಗುರುತಿಸುವುದು ಹೇಗೆ? ತಲೆಯಿಂದ. ಜುಟ್ಟಿನ ಆಕಾರ ಮತ್ತು ಬಣ್ಣ, ಗದ್ದದ ಕೆಳಗಿನ ಜೋಲು, ಕತ್ತಿನ ಗರಿ ಇವೇ ಅದರ ಗುರುತಿನ ಚೀಟಿ. ಗುಲ್ ಮತ್ತು ಆರ್ಟ್‌ಮನ್ 1953ರಲ್ಲಿ ಹಿಂಡಿನದೇ ಕೋಳಿಗಳ ಜುಟ್ಟು ಮತ್ತು ಗರಿಯ ನೋಟವನ್ನು ಬದಲಿಸಿ ವಾಪಸು ಬಿಟ್ಟರು. ತಲೆ ಕುತ್ತಿಗೆಯ ರೂಪ ಬದಲಾದಾಗ ಸ್ವಂತ ಹಿಂಡೇ ಅವನ್ನು ಹೊಸಬರೆಂದು ಕುಕ್ಕಿತು. ಆಕ್ಸ್‌ಫರ್ಡಿನ ಮೇರಿಯನ್ ಡಾಕಿನ್ಸ್ ಇನ್ನೊಂದು ವಿಷಯ ತೋರಿಸಿದರು. ಪರಿಚಯದ ಕೋಳಿ ಯಾವುದು, ಅಪರಿಚಿತ ಯಾವುದು ಎಂದು ಹೇಳಲು ಕೋಳಿಗೆ ಹತ್ತಿರದ ನೋಟ ಬೇಕು, ಸುಮಾರು ಒಂದು ಅಡಿಯೊಳಗೆ ಬಂದು ಮುಖ ನೋಡಬೇಕು. ಅಂಗಳದ ಆ ತುದಿಯಲ್ಲಿ ಹೊಸ ಕೋಳಿಯನ್ನು ಕಟ್ಟಿಹಾಕಿ ಈ ತುದಿಯಲ್ಲಿ ಹಳೆಯವು ಮೇಯ್ದರೆ ಪರಿಚಯ ಆಗುವುದಿಲ್ಲ ಎಂದಾಯಿತು. ನಡುವೆ ಜಾಳಿಗೆ ಇರಬೇಕು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರವೂ ಇರಬೇಕು.

ನಮ್ಮ ಹಳ್ಳಿಗಳಲ್ಲಿ ಸಂತೆಯಿಂದ ತಂದ ಕೋಳಿಯ ಕಾಲಿಗೆ ಚಿಂದಿಯ ದಾರ ಕಟ್ಟಿ, ಗೂಟಕ್ಕೆ ಬಿಗಿದು ನಾಲ್ಕಾರು ದಿನ ಇಡುವ ರೂಢಿಯಿದೆ. ಕೋಳಿಗೆ ಜಾಗದ ಗುರುತು ಹತ್ತಲಿ, ತಪ್ಪಿಸಿಕೊಂಡು ಹೋಗದಿರಲಿ ಎಂದು ಹಾಗೆ ಮಾಡುತ್ತಾರೆ. ಆಲೋಚನೆ ಸರಿ, ಜಾಗದ ನೆನಪು ಕೂರಲು ದಿನಗಳು ಬೇಕೇ ಬೇಕು. ಆದರೆ ಹಳೆಯ ಹಿಂಡು ಇರುವ ಅಂಗಳದಲ್ಲಿ ಈ ದಾರ ಅಪಾಯ. ಕೋಳಿಜಗಳ ಮುಗಿಯುವುದು ಸೋತದ್ದು ಓಡಿಹೋದಾಗ. ಸೋತದ್ದು ಬೆನ್ನು ತೋರಿಸಿ ನಾಲ್ಕು ಮಾರು ಓಡಿದರೆ ಗೆದ್ದದ್ದು ಅಲ್ಲಿಗೇ ಬಿಡುತ್ತದೆ. ದಾರ ಕಟ್ಟಿದ ಕೋಳಿ ಸೋಲನ್ನು ಒಪ್ಪಿಕೊಳ್ಳಲಾರದು, ಆದ್ದರಿಂದ ಪೆಟ್ಟು ನಿಲ್ಲುವುದಿಲ್ಲ. ದಾರದ ಬದಲು ಬಿದಿರಿನ ದೊಡ್ಡ ಬುಟ್ಟಿ ಕವುಚಿ ಇಡಿ, ಇಲ್ಲವೇ ಜಾಳಿಗೆಯ ಚೌಕಟ್ಟು ಮಾಡಿ. ರೂಢಿಯ ತಿರುಳು ಉಳಿಯುತ್ತದೆ, ಗಾಯ ತಪ್ಪುತ್ತದೆ.

ಇಷ್ಟು ಹಿಂಡಿನ ಕಡೆಯ ಮಾತಾಯಿತು. ಬಂದಿರುವ ಜೀವದ ಕಡೆಯಿಂದಲೂ ನೋಡಬೇಕು. ನಮ್ಮ ದೇಶದ ಮೊಟ್ಟೆ ಫಾರಂಗಳಲ್ಲಿ ಹೆಚ್ಚಾಗಿ ಕಾಣುವುದು ವೈಟ್ ಲೆಗ್‌ಹಾರ್ನ್ ಮೂಲದ ಕೋಳಿ, ಬಿವಿ-300 ಅವುಗಳಲ್ಲಿ ಪ್ರಸಿದ್ಧ. ಜವಾರಿ ಕೋಳಿ ವರ್ಷಕ್ಕೆ ಐವತ್ತರಿಂದ ಎಪ್ಪತ್ತು ಮೊಟ್ಟೆ ಇಟ್ಟರೆ ಇದು ಮುನ್ನೂರು ದಾಟುತ್ತದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವುದು ಸುಮಾರು 20 ಗ್ರಾಂ. ಅಂದರೆ ವರ್ಷವೊಂದರಲ್ಲಿ ಅದು ತನ್ನ ಮೂಳೆಯ ಮೂವತ್ತು ಪಟ್ಟು ಕ್ಯಾಲ್ಸಿಯಮ್ಮನ್ನು ಮೊಟ್ಟೆಯಾಗಿ ಕೊಟ್ಟಿರುತ್ತದೆ. ಚಿಪ್ಪು ಕಟ್ಟುವ ಕೆಲಸ ಬಹುಪಾಲು ರಾತ್ರಿ ನಡೆಯುತ್ತದೆ, ಆಗ ಹೊಟ್ಟೆಯಲ್ಲಿ ಮೇವು ಕರಗಿರುತ್ತದೆ. ಕಾಲಿನ ಮೂಳೆಯೊಳಗೆ ಇದಕ್ಕೆಂದೇ ಇರುವ ಮೆತ್ತನೆಯ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದು, ಜೊತೆಗೆ ಓಡಾಟವೂ ಇಲ್ಲದೆ, ಮೂಳೆ ಟೊಳ್ಳಾಗುತ್ತದೆ. ಎದೆಯ ದೋಣಿಮೂಳೆ ಮುರಿದು ತಾನೇ ಕೂಡಿಕೊಂಡ ಗಂಟು ಎಷ್ಟೋ ಕೋಳಿಗಳಲ್ಲಿ ಕೈಗೆ ಹತ್ತುತ್ತದೆ.

ಆದ್ದರಿಂದ ಇಂಥ ಕೋಳಿಯನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ತರಬೇಡಿ. ಸಂತೆಯಲ್ಲಿ ಎಲ್ಲರೂ ಹಾಗೇ ಹಿಡಿಯುತ್ತಾರೆ, ಗಟ್ಟಿಮುಟ್ಟಾದ ಜವಾರಿ ಹುಂಜ ಅದನ್ನು ಹೇಗೋ ತಡೆದುಕೊಂಡೀತು. ಲೇಯರ್ ಕೋಳಿ ರೆಕ್ಕೆ ಬಡಿದ ರಭಸಕ್ಕೇ ಅದರ ಮೂಳೆ ಮುರಿಯಬಹುದು. ಎರಡೂ ಅಂಗೈಯಲ್ಲಿ ರೆಕ್ಕೆ ಸಮೇತ ಒತ್ತಿಹಿಡಿದು ಎದೆಗೆ ಆನಿಸಿಕೊಳ್ಳಬೇಕು.

ಕೊಕ್ಕಿನ ತುದಿ ಹೋಗಿರುವುದರಿಂದ ನೆಲದ ಮೇಲಿನ ಕಾಳು ಹೆಕ್ಕಲು ಅದಕ್ಕೆ ಕಷ್ಟ. ಜವಾರಿ ಕೋಳಿ ಹತ್ತು ಜೋಳದ ಕಾಳು ನುಂಗುವಷ್ಟರಲ್ಲಿ ಇದಕ್ಕೆ ಎರಡು ಸಿಕ್ಕರೆ ಹೆಚ್ಚು. ಕುಕ್ಕಾಟದಲ್ಲೂ ಅದು ನಿಶ್ಶಸ್ತ್ರ. ತಳ ಆಳವಾದ ತಟ್ಟೆಯಲ್ಲಿ, ಮೂರು ನಾಲ್ಕು ಬೆರಳು ದಪ್ಪಕ್ಕೆ ಮೇವು ಹಾಕಿದರೆ ಮೊಂಡುಕೊಕ್ಕಿನಿಂದಲೂ ತಿನ್ನಬಹುದು. ಮನೆಗೆ ಬರುವವರೆಗೆ ಅದು ತಿಂದದ್ದು ಹಿಟ್ಟಿನಂಥ ಫಾರಂ ಮ್ಯಾಶ್, ನೀರು ಕುಡಿದದ್ದು ಪೈಪಿನ ನಿಪ್ಪಲ್ಲಿನಿಂದ. ಮೊದಲ ದಿನ ಬೋಗುಣಿಯ ನೀರನ್ನು ಅದು ನೀರೆಂದು ಗುರುತಿಸದೆಯೂ ಇರಬಹುದು. ಕೊಕ್ಕನ್ನು ಮೆಲ್ಲಗೆ ನೀರಿಗೆ ಮುಟ್ಟಿಸಿದರೆ ಕಲಿಯುತ್ತದೆ. ದಿನಕ್ಕೆ ನೂರು–ನೂರಹತ್ತು ಗ್ರಾಂ ಲೇಯರ್ ಮೇವು ಬೇಕು. ಮನೆಯ ಜೋಳದ ನುಚ್ಚು, ತೊಗರಿ ನುಚ್ಚನ್ನೇ ನಂಬಿದರೆ ಪ್ರೋಟೀನೂ ಸಾಲದು, ಸುಣ್ಣದಂಶವೂ ಸಾಲದು. ಉದುರಿದ ಗರಿ ಮತ್ತೆ ಬರಬೇಕಾದರೆ ಪ್ರೋಟೀನ್ ಬೇಕು, ಗರಿಯ ಬಹುಪಾಲು ಅದೇ. ಆದರೆ ಲೇಯರ್ ಮೇವನ್ನು ಹಿಂಡಿನ ಮರಿಗಳಿಗೆ ತಿನ್ನಿಸಬಾರದು. ಅದರಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮರಿಗಳ ಮೂತ್ರಪಿಂಡಕ್ಕೆ ಅದು ಕೆಡುಕು. ಎಲ್ಲರೂ ಒಂದಾದ ಮೇಲೆ ಚಿಪ್ಪಿನ ನುಚ್ಚನ್ನು ಬೇರೆ ಬೋಗುಣಿಯಲ್ಲಿ ಇಟ್ಟರೆ ಬೇಕಾದ ಕೋಳಿ ಬೇಕಾದಷ್ಟು ತಿಂದುಕೊಳ್ಳುತ್ತದೆ.

ಹೊಸ ಕೋಳಿಯ ಮೊದಲ ಮಣ್ಣಿನ ಸ್ನಾನವನ್ನು ಕುಳಿತು ನೋಡಬೇಕು. ಪಂಜರದ ತಂತಿಯ ಮೇಲೂ ಅದು ಮಣ್ಣಿಲ್ಲದೆಯೇ ಆ ಆಟ ಆಡಿರುತ್ತದೆ. ಕುಕ್ಕರಿಸಿ, ಗರಿ ಕೆದರಿ, ಇಲ್ಲದ ಮಣ್ಣನ್ನು ಮೈಮೇಲೆ ಎಳೆದುಕೊಳ್ಳುವ ಚಲನೆಗಳನ್ನು ಸಂಶೋಧಕರು ಪಂಜರಗಳಲ್ಲಿ ದಾಖಲಿಸಿದ್ದಾರೆ. ತಲೆತಲಾಂತರದಿಂದ ಬಂದ ಆಸೆಯನ್ನು ಕಬ್ಬಿಣ ಅಳಿಸಲಾಗಿಲ್ಲ. ಈಗ ಒಣ ಕೆಮ್ಮಣ್ಣು, ಅದರೊಳಗೆ ಒಂದಿಷ್ಟು ಒಲೆಯ ಬೂದಿ ಸಿಕ್ಕಿದೆ. ಮೊದಲು ಒಂದು ಕಾಲನ್ನು ಎತ್ತಿ ಇಡುತ್ತದೆ, ಬೆರಳು ಹೂತಾಗ ಬೆಚ್ಚಿ ಹಿಂದೆ ತೆಗೆಯುತ್ತದೆ. ಮತ್ತೆ ಇಡುತ್ತದೆ. ಕೊಕ್ಕಿನಿಂದ ಎರಡು ಸಲ ಕೆದಕುತ್ತದೆ. ಆಮೇಲೆ ಮೊಣಕಾಲು ಮಡಚಿ ಎದೆ ಊರಿ, ಒಂದು ಮಗ್ಗುಲಿಗೆ ಹೊರಳಿ, ರೆಕ್ಕೆಯಿಂದ ಮಣ್ಣನ್ನು ಬೋಳು ಬೆನ್ನಿನ ಮೇಲೆ ಸುರಿದುಕೊಳ್ಳುತ್ತದೆ. ಕಣ್ಣು ಅರ್ಧ ಮುಚ್ಚುತ್ತದೆ. ಈ ಕೋಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಎಲ್ಲವೂ ಹೀಗೆ ತಾನಾಗಿ ಬರುವುದಿಲ್ಲ. ಮೇಲೆ ಹತ್ತಿ ಕೂರುವುದು ಕಲಿಕೆ. ಮರಿಯಿದ್ದಾಗ ಕೂರುಗೋಲು ಕಾಣದ ಕೋಳಿಗಳು ದೊಡ್ಡವಾದ ಮೇಲೆ ಎತ್ತರದ ಜಾಗ ಏರಲು ತಡಬಡಿಸುತ್ತವೆ ಎಂದು ಸ್ವೀಡನ್ನಿನ ಸಂಶೋಧಕರು 2000ದಲ್ಲಿ ತೋರಿಸಿದರು. ಕಾಲಿನ ಬಲ ಒಂದೇ ಅಲ್ಲ, ಎತ್ತರದ ಅಂದಾಜೇ ಅವಕ್ಕೆ ಸರಿಯಾಗಿ ಬೆಳೆದಿರುವುದಿಲ್ಲ. ನಮ್ಮ ಜವಾರಿ ಕೋಳಿಗಳು ಮುಸ್ಸಂಜೆಗೆ ಬೇವಿನ ಮರವನ್ನೋ ಹಾಳುಗೋಡೆಯನ್ನೋ ಏರಿ ಕೂರುತ್ತವೆ. ಪಂಜರದ್ದು ಕೆಳಗೇ ಉಳಿಯುತ್ತದೆ, ಬೆಕ್ಕು ಮುಂಗುಸಿಗಳ ಬಾಯಿಗೆ ಸುಲಭದ ತುತ್ತು. ಒಂದಡಿ ಎತ್ತರದ ಗೋಲಿನಿಂದ ಶುರುಮಾಡಿ ವಾರ ವಾರಕ್ಕೆ ಏರಿಸಬೇಕು.

ಈಗ ರೋಗದ ಮಾತು. ಕುಕ್ಕಿದ ಗಾಯ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಾವು ಹೆದರುತ್ತೇವೆ. ಹಿಂಡನ್ನು ಬರಿದು ಮಾಡುವುದು ಮಾತ್ರ ಕಾಣದ್ದು. ಕೊಕ್ಕರೆ ರೋಗ ಎಂದು ನಾವು ಕರೆಯುವ ರಾಣಿಖೇತ್ ರೋಗವನ್ನು 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದರು. ಮರುವರ್ಷವೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಹಸಿರು ಭೇದಿ, ತಿರುಚಿದ ಕತ್ತು, ಮೂರು ನಾಲ್ಕು ದಿನದಲ್ಲಿ ಗೂಡೇ ಖಾಲಿ: ಹಳ್ಳಿಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಫಾರಂ ಕೋಳಿಗೆ ಇದರ ಲಸಿಕೆ ಹಲವು ಬಾರಿ ಆಗಿರುತ್ತದೆ. ಲಸಿಕೆ ಅದನ್ನು ಸಾವಿನಿಂದ ಕಾಯುತ್ತದೆ, ಆದರೆ ವೈರಾಣು ಅದರ ಮೈ ಹೊಕ್ಕು ಹೊರಗೆ ಹರಡುವುದನ್ನು ಪೂರ್ತಿ ತಡೆಯದು. ಚೆನ್ನಾಗಿಯೇ ಓಡಾಡಿಕೊಂಡಿರುವ ಹೊಸ ಕೋಳಿಯಿಂದ ಲಸಿಕೆ ಕಾಣದ ಜವಾರಿ ಕೋಳಿ ಸಾಯಬಹುದು.

ಮಾರೆಕ್ ರೋಗದಲ್ಲಿ ಇದು ಇನ್ನೂ ಸ್ಪಷ್ಟ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವಿವರಿಸಿದ ಈ ರೋಗದಲ್ಲಿ ಎಳೆಯ ಕೋಳಿಗಳ ಕಾಲು ಸೆಟೆದು ಒಂದು ಮುಂದೆ, ಒಂದು ಹಿಂದೆ ಚಾಚಿಕೊಳ್ಳುತ್ತದೆ. ಹ್ಯಾಚರಿಯಲ್ಲಿ ಮರಿ ಹೊರಬಂದ ದಿನವೇ ಇದರ ಲಸಿಕೆ ಚುಚ್ಚುತ್ತಾರೆ. ಲಸಿಕೆ ಹಾಕಿದ ಕೋಳಿ ಬದುಕಿ ಉಳಿದು ಪ್ರಬಲ ವೈರಾಣುವನ್ನು ಬಹುಕಾಲ ಉದುರಿಸುತ್ತಲೇ ಇರುತ್ತದೆ ಎಂದು ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಯೋಗದಿಂದ ತೋರಿಸಿದರು. ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ ವೈರಾಣು ಇರುತ್ತದೆ, ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕಾವಿಗೆ ಕೂತ ಜವಾರಿ ಹೇಂಟೆ, ಬುಟ್ಟಿಯಡಿ ಮರಿಗಳು ಇರುವ ಮನೆಗೆ ಫಾರಂ ಕೋಳಿ ತರಲೇಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮರಿಗಳು ಬೆಳೆಯುವವರೆಗೆ ಕಾಯಿರಿ. ಬೆಳೆದ ಮೇಲೂ ಅಪಾಯ ಪೂರ್ತಿ ಹೋಗದು, ಕಡಿಮೆಯಾಗುತ್ತದೆ.

ಜವಾರಿಯಿಂದ ಹೊಸದಕ್ಕೆ ಬರುವುದೂ ಇದೆ. ಗೋಡೆಯ ಸಂದಿ, ಗೂಡಿನ ಹಲಗೆಯ ಬಿರುಕಿನಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಕೋಳಿಯ ಉಣ್ಣಿ, ಹೊಟ್ಟೆಯ ಹುಳು, ರಕ್ತಭೇದಿಯ ಪರಾವಲಂಬಿ ಇವನ್ನೆಲ್ಲ ತಂತಿಯ ಮೇಲೆ ಬೆಳೆದ ಕೋಳಿ ಹೆಚ್ಚು ಕಂಡಿರುವುದಿಲ್ಲ. ಗೂಡಿನ ಬಿರುಕು ಮೆತ್ತಿ ಸುಣ್ಣ ಬಳಿಯುವ ಹಳೆಯ ಪದ್ಧತಿಗೆ ಇಲ್ಲಿ ದೊಡ್ಡ ಬೆಲೆಯಿದೆ.

ಹಾಗಾಗಿ ಮೊದಲ ಒಂದು ತಿಂಗಳು ಹೊಸ ಕೋಳಿ ಹಳೆಯವಕ್ಕೆ ಕಾಣಲೂಬಾರದು, ಮುಟ್ಟಲೂಬಾರದು. ಕೋಳಿಯಿಲ್ಲದ ಬಂಧುಗಳ ಮನೆ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಮಾಳಿಗೆಯ ಮೇಲೆ ತಟ್ಟಿಯ ನೆರಳು ಮಾಡಿ ಇಡಬಹುದು. ಮೇವು, ನೀರಿನ ಪಾತ್ರೆ, ಪೊರಕೆ, ಚಪ್ಪಲಿ ಎಲ್ಲವೂ ಬೇರೆ. ಬೆಳಗ್ಗೆ ಮೊದಲು ಹಳೆಯ ಹಿಂಡಿನ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಬೇಕು, ಉಲ್ಟಾ ಆಗಬಾರದು. ಹಳೆಯವಕ್ಕೆ ಕೊಕ್ಕರೆ ರೋಗದ ಲಸಿಕೆ ಹೊಸ ಕೋಳಿ ಬರುವ ಎರಡು ಮೂರು ವಾರ ಮೊದಲೇ ಆಗಿರಬೇಕು, ಮೈಯಲ್ಲಿ ರಕ್ಷಣೆ ಬೆಳೆಯಲು ಅಷ್ಟು ದಿನ ಹಿಡಿಯುತ್ತದೆ. ಹಕ್ಕಿಜ್ವರದ ಸುದ್ದಿ ಇರುವಾಗ ಕೋಳಿಯ ಸಾಗಾಟವೇ ಬೇಡ. ನಮ್ಮ ಗಡಿಯಾಚೆಯ ಉದಗೀರಿನಲ್ಲಿ 2025ರ ಜನವರಿಯಲ್ಲಿ ಕಾಗೆಗಳು ಸತ್ತದ್ದು ಇದೇ ರೋಗದಿಂದ. ಕಾಗೆಗೆ ತಾಲ್ಲೂಕು, ಜಿಲ್ಲೆ, ರಾಜ್ಯದ ಗಡಿ ಇಲ್ಲ.

ತಿಂಗಳು ಕಳೆದು ಕೋಳಿ ಚುರುಕಾಗಿದ್ದರೆ ಜಾಳಿಗೆಯ ಹಂತ. ಹಳೆಯವು ದಿನವೂ ಮೇಯುವ ಜಾಗದಲ್ಲೇ ಚೌಕಟ್ಟು ಇಡಿ, ಎರಡೂ ಕಡೆ ಮೇವನ್ನು ಜಾಳಿಗೆಯ ಪಕ್ಕಕ್ಕೇ ಸುರಿಯಿರಿ. ಮೊದಲೆರಡು ದಿನ ಜಾಳಿಗೆಗೆ ಅಪ್ಪಳಿಸಿ ಕುಕ್ಕುತ್ತವೆ. ಒಂದು ವಾರ, ಹತ್ತು ದಿನದ ಹೊತ್ತಿಗೆ ಅತ್ತ ಇತ್ತ ತಲೆಹಾಕದೆ ತಮ್ಮ ಪಾಡಿಗೆ ಮೇಯುವುದು ಕಂಡರೆ ಗುರುತು ಕೂತಿದೆ ಎಂದರ್ಥ. ಆ ದಿನಗಳಲ್ಲಿ ಹಿಂಡಿನ ಒಂದು ಸಾಧು ಹೇಂಟೆಯನ್ನು, ತೀರಾ ಮೇಲಿನದೂ ಅಲ್ಲದ, ತೀರಾ ಕೆಳಗಿನದೂ ಅಲ್ಲದ ಒಂದನ್ನು, ಹೊಸಬರ ಜೊತೆ ಒಳಗೆ ಬಿಡುವುದು ನನಗೆ ಬಹಳ ಸರಿ ಕಾಣುತ್ತದೆ. ಕೋಳಿ ಬೇರೆ ಕೋಳಿಗಳ ವ್ಯವಹಾರವನ್ನು ನೋಡಿ ಕಲಿಯುತ್ತದೆ. ಕೆನಡಾದ ಸಂಶೋಧಕರು 1996ರಲ್ಲಿ ಹೇಂಟೆಗಳಿಗೆ ತಮ್ಮ ಮೇಲಿನ ಕೋಳಿ ಅಪರಿಚಿತ ಕೋಳಿಯೊಂದಕ್ಕೆ ಸೋಲುವುದನ್ನು ತೋರಿಸಿದರು. ನೋಡಿದ ಹೇಂಟೆಗಳು ಆಮೇಲೆ ಆ ಅಪರಿಚಿತ ಕೋಳಿಯ ಎದುರು ತಾವಾಗಿ ಜಗಳಕ್ಕೆ ಹೋಗಲಿಲ್ಲ. ತನ್ನನ್ನು ಸೋಲಿಸುವುದನ್ನು ಸೋಲಿಸಿದ್ದು ತನ್ನನ್ನೂ ಸೋಲಿಸೀತು ಎಂಬ ತರ್ಕ ಅವುಗಳ ತಲೆಯಲ್ಲಿ ನಡೆಯುತ್ತದೆ. ಇಷ್ಟು ಬುದ್ಧಿಯ ಪ್ರಾಣಿಯನ್ನು ನಾವು ಹಾಳೆಗಿಂತ ಸಣ್ಣ ಜಾಗದಲ್ಲಿ ಇಟ್ಟಿದ್ದೇವೆ.

ರಾತ್ರಿ ಎಲ್ಲ ಮಲಗಿದ ಮೇಲೆ ಹೊಸದನ್ನು ಮೆಲ್ಲಗೆ ಗೂಡಿಗೆ ಸೇರಿಸಿದರೆ ಬೆಳಗ್ಗೆ ಹಳೆಯವಕ್ಕೆ ಗೊತ್ತೇ ಆಗುವುದಿಲ್ಲ ಎಂಬ ಉಪಾಯವನ್ನು ಎಲ್ಲ ಕಡೆ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು, ಹಾಗಾಗಿ ರಾತ್ರಿ ಜಗಳವಿಲ್ಲ ಎಂಬುದಷ್ಟೇ ನಿಜ. ಬೆಳಕು ಹರಿದೊಡನೆ ಒಂದಡಿ ದೂರದಲ್ಲಿ ಹೊಸ ಮುಖ ಕಾಣುತ್ತದೆ, ಆಗ ಗೂಡಿನಲ್ಲಿ ಓಡಲು ಜಾಗವಿಲ್ಲ. ಜಾಳಿಗೆಯ ಪರಿಚಯ ಆದ ಮೇಲೆ ಮಾಡಿದರೆ ತೊಂದರೆಯಿಲ್ಲ. ಪರಿಚಯದ ಬದಲಿಗೆ ಮಾಡುವುದು ಬೇಡ.

ಒಂದುಗೂಡಿಸುವುದನ್ನು ಬಯಲಲ್ಲಿ ಮಾಡಿ, ಸಂಜೆ ಮಾಡಿ. ಹೊತ್ತು ಮುಳುಗಲು ಒಂದು ತಾಸು ಇರುವಾಗ ಕೋಳಿಗಳಿಗೆ ಹೊಟ್ಟೆ ತುಂಬಿಸಿಕೊಳ್ಳುವ ಆತುರ, ಜಗಳಕ್ಕೆ ಪುರುಸೊತ್ತಿಲ್ಲ. ಮೇವು, ನೀರು ಎರಡು ಮೂರು ಕಡೆ ಇರಲಿ, ಒಂದು ಕಡೆಯಿಂದ ಓಡಿಸಿದ್ದು ಇನ್ನೊಂದು ಕಡೆ ತಿನ್ನಲಿ. ಒಂದು ಹಳೆಯ ಬಂಡಿಗಾಲಿ, ಗೋಣಿ ಹೊದಿಸಿದ ಮಂಚ, ಕಟ್ಟಿಗೆಯ ರಾಶಿ ಇದ್ದರೆ ಸೋತ ಕೋಳಿ ಮರೆಗೆ ಹೋಗಬಹುದು. ಎರಡು ಕುಕ್ಕು ಕೊಟ್ಟು ಬಿಟ್ಟರೆ ನಡುವೆ ಬರಬೇಡಿ, ಆ ತೀರ್ಮಾನ ಇವತ್ತಲ್ಲ ನಾಳೆ ಆಗಲೇಬೇಕು. ರಕ್ತ ಕಂಡರೆ ಮಾತ್ರ ಆ ಕ್ಷಣವೇ ಬೇರೆ ಮಾಡಿ. ಕೆಂಪು ಬಣ್ಣ ಕೋಳಿಯ ಕಣ್ಣನ್ನು ಸೆಳೆಯುತ್ತದೆ, ಒಂದು ಕುಕ್ಕಿದ ಜಾಗಕ್ಕೆ ಹತ್ತು ಕೊಕ್ಕು ಬೀಳುತ್ತವೆ. ಗಾಯ ಒಣಗುವವರೆಗೆ ಅದನ್ನು ಹಿಂಡಿಗೆ ಕಾಣುವಂತೆ ಜಾಳಿಗೆಯೊಳಗೇ ಇಡಬೇಕು. ಎರಡು ಮೂರು ವಾರ ಪೂರ್ತಿ ಮರೆಯಾದರೆ ಹಿಂಡು ಅದರ ಗುರುತು ಮರೆತು ಎಲ್ಲವೂ ಮೊದಲಿಂದ ಶುರುವಾಗಬಹುದು.

ಹಿಂಡಿನಲ್ಲಿ ಹುಂಜವಿದ್ದರೆ ಹೇಂಟೆಗಳ ನಡುವಿನ ಕುಕ್ಕಾಟ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಕಾಳು ಕಂಡಾಗ ತಾನು ತಿನ್ನದೆ ಕೊಕ್ಕಿನಿಂದ ಎತ್ತಿ ಬೀಳಿಸುತ್ತ, ಕೊಕ್ಕೊಕ್ ಎಂದು ಹೇಂಟೆಗಳನ್ನು ಕರೆಯುವುದು ಹುಂಜದ ಗುಣ. ಹೊಸ ಹೇಂಟೆಗಳನ್ನೂ ಅದು ಬೇಗ ಕರೆಯತೊಡಗುತ್ತದೆ. ಕುಟುಕು ಸಿಕ್ಕಾಗ ಕೋಳಿ ತನ್ನವರನ್ನೆಲ್ಲ ಕೂಗಿ ಕರೆಯುವುದನ್ನು ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ವಚನವೊಂದರಲ್ಲಿ ಎತ್ತಿ ಹೇಳಿದ್ದಾರೆ. ಅಂಗಳದ ಕೋಳಿಯನ್ನು ಕಣ್ಣಿಟ್ಟು ನೋಡಿದವರ ಮಾತು ಅದು. ಹದ್ದಿಗೆ ಒಂದು ಕೂಗು, ನಾಯಿ ಬೆಕ್ಕಿಗೆ ಇನ್ನೊಂದು ಕೂಗು ಹುಂಜದಲ್ಲಿ ಬೇರೆ ಬೇರೆ ಇವೆ. ಕ್ರಿಸ್ ಎವಾನ್ಸ್, ಲಿಂಡಾ ಎವಾನ್ಸ್, ಪೀಟರ್ ಮಾರ್ಲರ್ 1993ರಲ್ಲಿ ಬರೀ ಧ್ವನಿಮುದ್ರಣ ಕೇಳಿಸಿ ನೋಡಿದರು. ಹದ್ದಿನ ಕೂಗು ಕೇಳಿದ ಹೇಂಟೆಗಳು ಮರೆಗೆ ಓಡಿ ಮುದುಡಿದವು, ಮೇಲೆ ನೋಡಿದವು. ಬಿಳಿ ಮೈಯಿಂದ ದೂರಕ್ಕೇ ಎದ್ದು ಕಾಣುವ ಲೆಗ್‌ಹಾರ್ನಿಗೆ ಹುಂಜದ ಈ ಕಾವಲು ದೊಡ್ಡ ಆಸರೆ. ಒಂದು ಎಚ್ಚರ: ಬೆನ್ನಿನ ಗರಿ ಬಾರದ ಹೇಂಟೆಯನ್ನು ಹುಂಜ ಏರಿದರೆ ಅದರ ಉಗುರಿಗೆ ಚರ್ಮ ಸೀಳುತ್ತದೆ. ಗರಿ ತುಂಬುವವರೆಗೆ ಕಾಯುವುದು ಒಳ್ಳೆಯದು.

ಹೊರಗಿನ ಕೋಳಿಯನ್ನು ಜವಾರಿ ಹಿಂಡಿಗೆ ಸೇರಿಸುವ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳು ಸಾವಿರಾರು ಹಿತ್ತಲುಗಳಲ್ಲಿ ಜವಾರಿ ಕೋಳಿಗಳ ಜೊತೆ ಬೆರೆತಿವೆ. ಅವು ಸುಲಭವಾಗಿ ಬೆರೆಯಲು ಕಾರಣ ವಯಸ್ಸು. ಐದಾರು ವಾರದ ಮರಿ ಯಾವ ಹೇಂಟೆಯ ಸ್ಥಾನಕ್ಕೂ ಸ್ಪರ್ಧಿಯಲ್ಲ, ಕೆಳಗಿನಿಂದಲೇ ಬೆಳೆದು ಶ್ರೇಣಿ ಸೇರುತ್ತದೆ. ಒಂದೂವರೆ ವರ್ಷದ ಲೇಯರ್ ಕೋಳಿ ಬೆಳೆದ ಪ್ರಾಯದಲ್ಲಿ ಒಮ್ಮೆಲೇ ಬರುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ಸಮಯ ಬೇಕು.

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಕೋಳಿ ಸೇರಿದಂತೆ ಸುಮಾರು 85 ಕೋಟಿ ಸಾಕುಹಕ್ಕಿಗಳಿದ್ದವು, ಅವುಗಳಲ್ಲಿ ಹಿತ್ತಲಿನವು 31.7 ಕೋಟಿ. ಬಿಡಿಸಿ ತಂದ ನಾಲ್ಕು ಕೋಳಿಯಿಂದ ಪಂಜರಗಳು ಖಾಲಿಯಾಗುವುದಿಲ್ಲ. ಅದಕ್ಕೆ ಕಾನೂನಿನ ಬಲ ಬೇಕು. ಪ್ರಾಣಿ ಓಡಾಡಲು ಆಗದಂಥ ಪಂಜರದಲ್ಲಿ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. 2017ರ ಜುಲೈನಲ್ಲಿ ಭಾರತದ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಮೊಟ್ಟೆಕೋಳಿ ಮತ್ತು ಮಾಂಸದ ಕೋಳಿಗಳ ಸಾಕಣೆ, ಸಾಗಾಟದ ಬಗ್ಗೆಯೇ ಬರೆಯಿತು. ಯುರೋಪಿನ ಒಕ್ಕೂಟ 2012ರ ಜನವರಿ 1ರಿಂದ ಬರಿ ತಂತಿಯ ಪಂಜರ ನಿಷೇಧಿಸಿದೆ. ಬ್ರಿಟನ್ನಿನಲ್ಲಿ 2005ರಲ್ಲಿ ಶುರುವಾದ ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್ ಫಾರಂ ಬಿಟ್ಟ ಕೋಳಿಗಳಿಗೆ ಮನೆ ಹುಡುಕುವುದನ್ನೇ ಕೆಲಸ ಮಾಡಿಕೊಂಡಿದೆ. ನಮ್ಮ ಮೊಟ್ಟೆ ಫಾರಂಗಳೂ ಪಂಜರ ಬಿಡುವ ದಾರಿಗೆ ಬರಬೇಕು ಎಂದು ನಾನು ಬಯಸುತ್ತೇನೆ.

ನಮ್ಮ ಸೀಮೆಯಲ್ಲಿ ಇಂಥ ಕೋಳಿ ತರಲು ಮಳೆ ನಿಂತು ಹವೆ ಹಿತವಾಗುವ ಅಕ್ಟೋಬರ್ ತಕ್ಕ ಕಾಲ. ಮೇ ತಿಂಗಳ ಬಿಸಿಲು ಜವಾರಿ ಕೋಳಿಯನ್ನೇ ಏದುಸಿರು ಬಿಡಿಸುತ್ತದೆ, ಡಿಸೆಂಬರಿನ ಚಳಿಯನ್ನು ಗರಿಯಿಲ್ಲದ ಮೈ ತಡೆಯದು. ಒಂದು ತಿಂಗಳು ಬೇರೆ ಇಡಲು ಜಾಗ ಇಲ್ಲದಿದ್ದರೆ ಈ ವರ್ಷ ತರಬೇಡಿ. ಬೇರೆ ಇಟ್ಟಾಗ ಕೋಳಿ ಸತ್ತರೆ ತಿಪ್ಪೆಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಗೆ ತಿಳಿಸಿ, ಕಾರಣ ಗೊತ್ತಾಗುವವರೆಗೆ ಉಳಿದ ಹೊಸ ಕೋಳಿಗಳನ್ನು ಹಿಂಡಿನ ಹತ್ತಿರ ತರಬೇಡಿ.